ಇಟಲಿಯ ಕಾರಿನ ಹಿಂದಿನ ಸೀಟಿನ ವಿಷಯವಾಗಿ

ಗೆ,
ಶ್ರೀಮಾನ್ ಇಟಲಿಯ ಕಾರು ಮಹಾಶಯರು,
ಹಾಲಿ ಬಿಡಾರ: ನನ್ನ ತಮ್ಮನ ಮನೆಯ ಮುಂಭಾಗ, ಮೊದಲು ಸ್ಕೂಟರು ನಿಲ್ಲುತ್ತಿದ್ದ ಜಾಗ.

ಮಾನ್ಯರೇ,

ತಾವು ನೆಲದಿಂದ ಒಂದು ಗೇಣು ಎತ್ತರದಲ್ಲಿ ಓಡಾಡುವವರಾದ್ದರಿಂದ ತಮ್ಮ ಮಟ್ಟಕ್ಕೆ ಸರಿಯಾಗಿ ನಮಸ್ಕರಿಸಬೇಕೆಂದರೆ ನಾನು ಉದ್ದಕ್ಕೆ ಮಲಗಬೇಕಾಗುತ್ತದೆ. ಆದರೆ ಕಳೆದ ಮಂಗಳವಾರದ ಘಟನೆಯ ನಂತರ ಹದಿನೈದು ದಿನ ಸೊಂಟ ಬಗ್ಗಿಸಕೂಡದೆಂದು ಮೂಳೆ ವೈದ್ಯರು ಕಟ್ಟಪ್ಪಣೆ ಮಾಡಿರುವುದರಿಂದ, ಮರದ ಕುರ್ಚಿಯಲ್ಲಿ ನೆಟ್ಟಗೆ ಕೂತಲ್ಲಿಂದಲೇ ಕೈಮುಗಿಯುತ್ತಿದ್ದೇನೆ, ದಯಮಾಡಿ ಸ್ವೀಕರಿಸಬೇಕು. ತಾವು ಕ್ಷೇಮವೆಂದು ಬಲ್ಲೆ. ತಮಗೆ ಹೊದಿಸಿರುವ ಬೂದು ಬಣ್ಣದ ಹೊದಿಕೆ ನನ್ನ ರಗ್ಗಿಗಿಂತ ದಪ್ಪವಾಗಿದೆಯೆಂದೂ, ಪಕ್ಕದ ಮನೆಯ ಬೆಕ್ಕು ತಮ್ಮ ಮೇಲೆ ಮಲಗದಂತೆ ನನ್ನ ತಮ್ಮ ದಿನಕ್ಕೆ ನಾಲ್ಕು ಸಲ ಹೊರಗೆ ಬಂದು ನೋಡುತ್ತಾನೆಂದೂ ಅವನ ಹೆಂಡತಿಯಿಂದ ತಿಳಿದುಬಂದಿದೆ. ನನಗೆ ಜ್ವರ ಬಂದಿದ್ದಾಗ ಅವನು ದಿನಕ್ಕೆ ಎರಡು ಸಲ ಬಂದಿದ್ದ. ಹೋಲಿಸುತ್ತಿಲ್ಲ. ನೆನಪಾಯಿತು, ಬರೆದೆ.

ತಾವು ವಿದೇಶದವರಾದ್ದರಿಂದ ಈ ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಮೊದಲು ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಇಂಥ ಪತ್ರಗಳನ್ನು 'ಐ ಬೆಗ್ ಟು ಸ್ಟೇಟ್ ದಟ್' ಎಂದು ಆರಂಭಿಸಲು ಕಲಿಸಿದ್ದರು. ಆರಂಭಿಸಿದೆ. ಅದರ ಮುಂದೆ ಏನು ಬರಬೇಕೆಂಬುದು ಮರೆತುಹೋಗಿದೆ. ಆದ್ದರಿಂದ ಬೇಡಿಕೊಂಡಿದ್ದೇನೆ ಎಂಬಲ್ಲಿಗೆ ಇಂಗ್ಲಿಷನ್ನು ನಿಲ್ಲಿಸಿ, ಏನನ್ನು ಬೇಡಿಕೊಂಡೆ ಎಂಬುದನ್ನು ಕನ್ನಡದಲ್ಲಿ ವಿವರಿಸುತ್ತೇನೆ. ಪತ್ರವನ್ನು ತಮ್ಮ ಗಾಜಿಗೇ ಅಂಟಿಸಬಹುದಿತ್ತು. ಅಂಟಿನಿಂದ ತಮ್ಮ ಕಾಂತಿಗೆ ಕುಂದು ಬರಬಹುದೆಂಬ ಅಂಜಿಕೆಯಿಂದ ಪತ್ರಿಕೆಗೆ ಕಳಿಸುತ್ತಿದ್ದೇನೆ. ನನ್ನ ತಮ್ಮ ಪತ್ರಿಕೆಯಲ್ಲಿ ಪದಬಂಧವೊಂದನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಹೀಗಾಗಿ ಇದನ್ನು ಆ ಪುಟದಲ್ಲಿ ಮಾತ್ರ ಹಾಕಬಾರದೆಂದು ಸಂಪಾದಕರಲ್ಲಿ ಪ್ರಾರ್ಥನೆ.

ನಾನು ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ. ತಮ್ಮ ಹಿಂದಿನ ಸೀಟಿನಲ್ಲಿ ಹನ್ನೊಂದು ನಿಮಿಷ ಸಿಕ್ಕಿಕೊಂಡಿದ್ದ ಮುದುಕ ನಾನೇ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಸಾರಿಗೆ ಕಚೇರಿಯಲ್ಲಿ ವಾಹನ ತಪಾಸಣೆ ಮಾಡುತ್ತಿದ್ದೆ. ಬಸ್ಸು, ಲಾರಿ, ಶಾಲೆಯ ವ್ಯಾನು, ಆಂಬುಲೆನ್ಸು, ಇವೆಲ್ಲ ರಸ್ತೆಗಿಳಿಯಲು ಯೋಗ್ಯವೋ ಅಲ್ಲವೋ ಎಂದು ಮೂವತ್ತೊಂದು ಕಾಲಮ್ಮಿನ ಫಾರಂ ತುಂಬಿ ಸಹಿ ಹಾಕುವುದು ನನ್ನ ಕೆಲಸ. ಕಚೇರಿಯಲ್ಲಿ ನನ್ನನ್ನು 'ಹಿಂದಿನ ಸೀಟಿನ ಸಾಹೇಬರು' ಎನ್ನುತ್ತಿದ್ದರು. ಉಳಿದ ಇನ್ಸ್‌ಪೆಕ್ಟರುಗಳೆಲ್ಲ ಡ್ರೈವರನ ಪಕ್ಕ ಕೂತು ಒಂದು ಸುತ್ತು ಹಾಕಿಸಿ ಸಹಿ ಹಾಕುತ್ತಿದ್ದರೆ, ನಾನೊಬ್ಬನೇ ಕಟ್ಟಕಡೆಯ ಸೀಟಿಗೆ ಹೋಗಿ ಚಕ್ರದ ಮೇಲೆ ಕೂರುತ್ತಿದ್ದೆ. ಡ್ರೈವರನ ಪಕ್ಕ ಕೂತರೆ ಡ್ರೈವರು ಮಾತಾಡುತ್ತಾನೆ, ಹಿಂದೆ ಕೂತರೆ ಗಾಡಿ ಮಾತಾಡುತ್ತದೆ ಎಂಬುದು ನಾನು ಮೊದಲ ವಾರವೇ ಕಂಡುಕೊಂಡ ಸತ್ಯ. ಬೇರಿಂಗ್ ಸವೆದದ್ದು, ಸ್ಪ್ರಿಂಗಿನ ಪಟ್ಟಿ ಬಿರುಕು ಬಿಟ್ಟದ್ದು, ಬೋಲ್ಟು ಸಡಿಲವಾದದ್ದು, ಇವು ಯಾವುವೂ ಮುಂದಿನ ಸೀಟಿಗೆ ದೂರು ಕೊಡುವುದಿಲ್ಲ.

ಈ ಅಭ್ಯಾಸ ಮನೆಗೂ ಅಂಟಿತು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ನನ್ನ ತಮ್ಮ ತನ್ನ ಹಳೆಯ ಡಬ್ಬದಂಥ ಕಾರನ್ನು ತಂದು ನಮ್ಮ ಮನೆಯ ಮುಂದೆ ನಿಲ್ಲಿಸುತ್ತಾನೆ. ಅವನೂ ಅವನ ಹೆಂಡತಿಯೂ ಮುಂದೆ, ನಾನೂ ನನ್ನಾಕೆಯೂ ಹಿಂದೆ, ಊರಾಚೆಯ ಕೆರೆಯ ದಂಡೆಗೆ ಹೋಗಿ ಫ್ಲಾಸ್ಕಿನ ಚಹಾ ಕುಡಿದು ಬರುವುದು. ಇಷ್ಟೇ. ಇದನ್ನು ಟೂರು ಎಂದು ಯಾರೂ ಕರೆದಿಲ್ಲ, ಗ್ರ್ಯಾಂಡ್ ಎಂದಂತೂ ಮೊದಲೇ ಇಲ್ಲ. ಹಿಂದೆ ಕೂತ ನಾವಿಬ್ಬರು ಚಕ್ರಗಳನ್ನು ಹಂಚಿಕೊಂಡಿದ್ದೆವು: ಎಡಗಡೆಯದು ನನಗೆ, ಬಲಗಡೆಯದು ಅವಳಿಗೆ. ನಾನು ಹೇಳಿಕೊಟ್ಟ ವಿದ್ಯೆಯಲ್ಲಿ ಅವಳು ನನ್ನನ್ನೇ ಮೀರಿಸಿದಳು. ಒಮ್ಮೆ ಕಣ್ಣು ಮುಚ್ಚಿ ಕೂತಿದ್ದವಳು 'ನನ್ನ ಚಕ್ರಕ್ಕೆ ನೆಗಡಿ ಆಗಿದೆ ನೋಡ್ರಿ' ಎಂದಳು, ಬಿಚ್ಚಿಸಿ ನೋಡಿದರೆ ಬೇರಿಂಗಿನಲ್ಲಿ ನೀರು. ಅವಳು ಹೋಗಿ ಮೂರು ವರ್ಷವಾಯಿತು. ಈಗ ಬಲಗಡೆಯೂ ನನ್ನದೇ ಜವಾಬ್ದಾರಿಯಾದ್ದರಿಂದ ನಾನು ಅವಳ ಜಾಗದಲ್ಲಿ ಕೂರುತ್ತೇನೆ. ಎಡಗಡೆಯದು ಹೇಗೋ ನಡೆಯುತ್ತಿದೆ.

ಇದನ್ನೆಲ್ಲ ತಮಗೆ ಯಾಕೆ ಹೇಳಿದೆನೆಂದರೆ, ವಾರದ ಏಳು ದಿನಗಳಲ್ಲಿ ಆರನ್ನು ನಾನು ಹೇಗೋ ಕಳೆಯುತ್ತೇನೆ, ಏಳನೆಯದು ಆ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಇರುತ್ತದೆ. ಆ ಸೀಟಿನ ಮೇಲೆಯೇ ತಾವು ಬಂದು ಕೂತದ್ದು.

ನನ್ನ ತಮ್ಮ ಹಲ್ಲಿನ ಡಾಕ್ಟರು. ಮೂವತ್ತೆಂಟು ವರ್ಷ ಬೇರೆಯವರನ್ನು ಮೆತ್ತನೆಯ ಕುರ್ಚಿಯಲ್ಲಿ ಅಂಗಾತ ಮಲಗಿಸಿ ತಾನು ನಿಂತೇ ದುಡಿದವನಿಗೆ, ದವಾಖಾನೆ ಬಿಟ್ಟುಕೊಟ್ಟ ಮೇಲೆ ತಾನೂ ಒಮ್ಮೆ ಹಾಗೆ ಮಲಗಬೇಕೆನಿಸಿದ್ದು ಸಹಜ. ಅದಕ್ಕೊಂದು ಆರಾಮ ಕುರ್ಚಿ ಸಾಕಾಗುತ್ತಿತ್ತು. ಆದರೆ ತಮ್ಮ ಅಂಗಡಿಯವರು ಒಬ್ಬ ರಿಲೇಷನ್‌ಶಿಪ್ ಮ್ಯಾನೇಜರನ್ನು ಕಳಿಸಿದರು. ಸಂಬಂಧಕ್ಕೂ ಮ್ಯಾನೇಜರು ಇರುತ್ತಾರೆಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಮೊನೆಯಾದ ಬೂಟು ತೊಟ್ಟ ಆ ಮಹನೀಯರು, ತಾವು ಬರಿಯ ಕಾರಲ್ಲ, 'ಗ್ರ್ಯಾಂಡ್ ಟೂರಿಂಗ್' ಎಂಬ ಕುಲಕ್ಕೆ ಸೇರಿದವರು ಎಂದು ವಿವರಿಸಿದರು. ನಮ್ಮ ಇಂಗ್ಲಿಷ್ ಮೇಷ್ಟ್ರು ಗ್ರ್ಯಾಂಡ್ ಟೂರ್ ಎಂಬುದರ ಮೇಲೆ ಒಂದಿಡೀ ತರಗತಿ ಪಾಠ ಮಾಡಿದ್ದು ನನಗೆ ಅರ್ಧ ನೆನಪಿದೆ. ಉಳಿದರ್ಧದಲ್ಲಿ ನಿದ್ದೆ ಬಂದಿತ್ತು. ನೆನಪಿರುವ ಮಟ್ಟಿಗೆ, ಹಿಂದಿನ ಕಾಲದ ಶ್ರೀಮಂತರ ಮಕ್ಕಳು ಓದು ಮುಗಿದೊಡನೆ ಗಾಡಿ ಕಟ್ಟಿಸಿಕೊಂಡು ಇಟಲಿಗೆ ಹೋಗಿ, ಮೂಗು ಮುರಿದ ಕಲ್ಲಿನ ವಿಗ್ರಹಗಳನ್ನು ನೋಡಿಕೊಂಡು ಬರುತ್ತಿದ್ದರಂತೆ, ದಾರಿಯಲ್ಲಿ ಬುದ್ಧಿ ಹೇಳಲು ಒಬ್ಬ ಬಡ ಮೇಷ್ಟ್ರನ್ನೂ ಜೊತೆಗೆ ಕರೆದೊಯ್ಯುತ್ತಿದ್ದರಂತೆ. ಆ ಮೇಷ್ಟ್ರನ್ನು ಎಲ್ಲಿ ಕೂರಿಸುತ್ತಿದ್ದರೆಂಬುದು ನನ್ನ ನಿದ್ದೆಯ ಪಾಲಾಗಿದೆ. ತಮ್ಮ ಹಿಂದಿನ ಸೀಟನ್ನು ಕಂಡ ಮೇಲೆ, ಅವರನ್ನು ಗಾಡಿಯ ಹಿಂದೆ ನಡೆಸಿಕೊಂಡೇ ಹೋಗುತ್ತಿದ್ದಿರಬೇಕೆಂದು ಊಹಿಸುತ್ತೇನೆ.

ಒಪ್ಪಂದ ಹೀಗಿತ್ತು. ಒಪ್ಪಿಗೆಯಾಗುತ್ತದೋ ಇಲ್ಲವೋ ನೋಡಲು ತಾವು ಮೂರು ದಿನ ನನ್ನ ತಮ್ಮನ ಮನೆಯಲ್ಲಿ ತಂಗುವುದು. ಮಂಗಳವಾರ ಮಧ್ಯಾಹ್ನದೊಳಗೆ ಅವನು ಹೂಂ ಎಂದರೆ ತಾವು ಇಲ್ಲೇ ನೆಲೆಸುವುದು, ಹಳೆಯ ಕಾರನ್ನು ಬದಲಿಗೆ ಅಂಗಡಿಯವರು ಅಂದೇ ಓಡಿಸಿಕೊಂಡು ಹೋಗುವುದು. ಮಂಗಳವಾರ ಬೆಳಿಗ್ಗೆ ಅವನು ನನ್ನನ್ನು ಕರೆಸಿಕೊಂಡು, 'ಅಣ್ಣ, ನೀನು ನೋಡಿ ಸಹಿ ಹಾಕಿದ್ರೆ ಇಟ್ಕೊತೀನಿ. ಇಲ್ಲ ಅಂದ್ರೆ ಈಗಲೇ ವಾಪಸ್. ನೀನು ಹೇಳಿದ್ದೇ ಕೊನೆ,' ಎಂದ. ಅವನು ಫ್ರಿಜ್ ಕೊಳ್ಳುವಾಗಲೂ ಹೀಗೇ ಹೇಳಿದ್ದ, ಗಿರಾಕಿಗಳ ಕುರ್ಚಿ ಕೊಳ್ಳುವಾಗಲೂ ಹೇಳಿದ್ದ. ಕಂಪ್ಯೂಟರು ಬಂದಾಗ ಕಚೇರಿಯವರು ರದ್ದಿಗೆ ಹಾಕಿದ ಹಳೆಯ ಫಾರಂಗಳ ಒಂದು ಕಟ್ಟು ನನ್ನಲ್ಲಿತ್ತು. ಒಂದನ್ನು ಎತ್ತಿಕೊಂಡು, ಟಾರ್ಚು, ಸುತ್ತಿಗೆ, ಸ್ಪ್ಯಾನರ್, ಸ್ಟೀಲಿನ ಲೋಟ ಸಹಿತ ಹೊರಟೆ.

ಸುಳ್ಳೇಕೆ ಹೇಳಲಿ. ಮೂವತ್ತೊಂದು ವರ್ಷಗಳಲ್ಲಿ ಬಾನೆಟ್ ಎತ್ತುವ ಮೊದಲೇ ತೀರ್ಪು ಬರೆದುಕೊಂಡು ಹೋದದ್ದು ಅದೊಂದೇ ಸಲ. ತಮ್ಮನ್ನು ನಪಾಸು ಮಾಡಲೆಂದೇ ಬಂದಿದ್ದೆ.

ಆದರೆ ತಾವು ಎಂಥ ಕಠಿಣ ಹೃದಯದವರು. ಒಂದು ತಪ್ಪನ್ನಾದರೂ ಕೈಗೆ ಕೊಡಬಾರದಿತ್ತೆ? ಬ್ರೇಕು ಒತ್ತಿದರೆ ತಾವು ನಿಂತಿರಿ, ನಾನು ಮಾತ್ರ ಇನ್ನೂ ಒಂದಿಷ್ಟು ಮುಂದೆ ಹೋದೆ. ದೀಪ ಹಾಕಿದರೆ ಹಗಲು ಹೊತ್ತಿನಲ್ಲೂ ಎದುರು ಮನೆಯವರು ಕರ್ಟನ್ನು ಎಳೆದುಕೊಂಡರು. ಎಂಜಿನ್ ನೋಡೋಣವೆಂದು ಬಾನೆಟ್ ಎತ್ತಿದರೆ, ಅಡುಗೆಮನೆಯಲ್ಲಿ ನೆಂಟರಿಗೆ ಕಾಣದಂತೆ ಮುಚ್ಚಿಟ್ಟ ಪಾತ್ರೆಯ ಹಾಗೆ ಎಲ್ಲದರ ಮೇಲೂ ಕಪ್ಪು ಮುಚ್ಚಳ. ನಾನು ಸ್ಪ್ಯಾನರ್ ಹಿಡಿದದ್ದನ್ನು ಕಂಡು, ಉತ್ತರ ಕೇಳಲು ಬಂದು ನಿಂತಿದ್ದ ಮ್ಯಾನೇಜರು ಎರಡು ಹೆಜ್ಜೆ ಮುಂದೆ ಬಂದು, 'ಸರ್, ಅದನ್ನ ನಾವೇ ತೆಗೆಯಲ್ಲ. ಇದು ಚೆಕ್ ಮಾಡೋ ಕಾರಲ್ಲ ಸರ್, ಫೀಲ್ ಮಾಡೋ ಕಾರು,' ಎಂದರು. ನಾನು ಫೀಲ್ ಮಾಡಿದೆ. ಫಾರಂನಲ್ಲಿ ಅದಕ್ಕೆ ಕಾಲಮ್ಮಿಲ್ಲ.

ನಮ್ಮ ಕಚೇರಿಯ ಹಳೆಯ ಪದ್ಧತಿಯಂತೆ ಲೋಟಕ್ಕೆ ಕಂಠಮಟ್ಟ ನೀರು ತುಂಬಿ ತಮ್ಮ ಮೂತಿಯ ಮೇಲಿಟ್ಟೆ. ಎಂಜಿನ್ ಎಷ್ಟು ನಡುಗುತ್ತದೆಂಬುದನ್ನು ನೀರು ಹೇಳುತ್ತದೆ. ಲಾರಿಯಾದರೆ ಅರ್ಧ ಲೋಟ ಚೆಲ್ಲಬಹುದು, ಆಂಬುಲೆನ್ಸಾದರೆ ಕಾಲು. ಸ್ಟೀಲು ಬಣ್ಣಕ್ಕೆ ತಾಗುವುದನ್ನು ಕಂಡು ಮ್ಯಾನೇಜರರ ಮುಖ ಬಿಳಿಚಿಕೊಂಡಿತು. ಜೇಬಿನಿಂದ ರೇಷ್ಮೆಯ ಕರವಸ್ತ್ರ ತೆಗೆದು ಲೋಟದ ಕೆಳಗೆ ಹಾಸಿದರು. ನನ್ನ ತಮ್ಮ ಸ್ಟಾರ್ಟ್ ಮಾಡಿದ. ತಾವು ಮೊದಲು ಸಭೆಯಲ್ಲಿ ಭಾಷಣಕ್ಕೆ ನಿಂತವರಂತೆ ದೊಡ್ಡದಾಗಿ ಗಂಟಲು ಸರಿಮಾಡಿಕೊಂಡಿರಿ, ಪಕ್ಕದ ಮನೆಯ ಬೆಕ್ಕು ಅಂದು ಹೋದದ್ದು ಗುರುವಾರ ಮರಳಿ ಬಂತು, ಆದರೆ ಲೋಟದಿಂದ ಒಂದು ಹನಿ ಚೆಲ್ಲಲಿಲ್ಲ. ಆ ನೀರನ್ನು ನಾನೇ ಕುಡಿದೆ, ಬಾಯಾರಿತ್ತು. ಹೀಗೆ ಮೂವತ್ತು ಕಾಲಮ್ಮುಗಳಲ್ಲೂ ತಾವು ತೇರ್ಗಡೆಯಾದಿರಿ. ನನ್ನ ಕೈಯಲ್ಲಿ ಅಷ್ಟು ಅಂಕ ಪಡೆದ ವಾಹನ ಈವರೆಗೆ ಇನ್ನೊಂದಿಲ್ಲ. ಇದನ್ನು ತಾವು ಹೊಗಳಿಕೆಯೆಂದು ತಿಳಿಯಬಾರದು, ನೋವಿನಿಂದ ಬರೆಯುತ್ತಿದ್ದೇನೆ.

ಉಳಿದದ್ದು ಮೂವತ್ತೊಂದನೆಯ ಕಾಲಮ್ಮು. ಅದು ಬಸ್ಸುಗಳಿಗಾಗಿ ಮಾಡಿದ್ದು: 'ಹಿಂದಿನ ಆಸನದಲ್ಲಿ ಒಬ್ಬ ವಯಸ್ಕನು ಕುಳಿತು, ಬಾಗಿಲು ಮುಚ್ಚಿ, ಒಂದು ಫರ್ಲಾಂಗು ಪ್ರಯಾಣಿಸಿ, ವಾಹನದ ಯಾವ ಭಾಗವನ್ನೂ ಮುರಿಯದೆ ಇಳಿಯಲು ಸಾಧ್ಯವೇ?'

ತಮಗೆ ಹಿಂದೆ ಎರಡು ಸೀಟುಗಳಿವೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮೆತ್ತನೆಯ ಕಂದು ಚರ್ಮ, ದಾರದ ಹೊಲಿಗೆ ಎಣಿಸಿದಂತೆ ಸಮ, ಇಬ್ಬರಿಗೂ ಪ್ರತ್ಯೇಕ ಬೆಲ್ಟು. ಕಾಲು ಮಾತ್ರ ಮನೆಯಲ್ಲಿ ಬಿಟ್ಟು ಬರಬೇಕು. ಮುಂದಿನ ಸೀಟು ತಾನಾಗಿಯೇ, ಮದುವೆಮನೆಯ ಹಿರಿಯರಂತೆ ಗತ್ತಿನಿಂದ ನಿಧಾನಕ್ಕೆ, ಮುಂದೆ ಸರಿದು ದಾರಿ ಬಿಟ್ಟಿತು. ನಾನು ಮೊದಲು ತಲೆ, ಆಮೇಲೆ ಭುಜ, ಆಮೇಲೆ ಉಳಿದದ್ದು ಎಂಬ ಕ್ರಮದಲ್ಲಿ ಒಳಗೆ ಹೋದೆ. ನನ್ನ ತಮ್ಮ ಮುಂದೆ ಬಂದು ಕೂತ. ಕೂತೊಡನೆ ಆ ಸೀಟಿಗೆ ಅವನ ಅಳತೆ ನೆನಪಿಗೆ ಬಂತು. ತಮ್ಮ ಸೀಟಿಗೆ ಜ್ಞಾಪಕಶಕ್ತಿ ಇದೆಯೆಂದೂ, ಯಜಮಾನರಿಗೆ ಎಷ್ಟು ಜಾಗ ಬೇಕೆಂಬುದನ್ನು ಅದು ಎಂದೂ ಮರೆಯುವುದಿಲ್ಲವೆಂದೂ ಮ್ಯಾನೇಜರು ಮೊದಲೇ ಹೇಳಿದ್ದರು. ಅದು ಅಷ್ಟೇ ಗತ್ತಿನಿಂದ ಹಿಂದಕ್ಕೆ ಬಂದು ನನ್ನ ಮೊಣಕಾಲುಗಳನ್ನು ನನ್ನ ಗಲ್ಲಕ್ಕೆ ಪರಿಚಯ ಮಾಡಿಸಿತು. ನನಗೂ ನೆನಪುಗಳಿವೆ, ಮಾನ್ಯರೇ, ಆದರೆ ಅವುಗಳಿಂದ ಯಾರ ಮೊಣಕಾಲನ್ನೂ ಒತ್ತಿಲ್ಲ.

ಒಂದು ಫರ್ಲಾಂಗು ಹೋಗಿ ಬಂದೆವು. ಇಳಿಯುವ ಹೊತ್ತಿಗೆ ನಾನು ಇಳಿಯಲಿಲ್ಲ.

ಅಲ್ಲಿಂದ ಮುಂದಿನ ಹನ್ನೊಂದು ನಿಮಿಷಗಳ ಉಸ್ತುವಾರಿ ನನ್ನ ತಮ್ಮನ ಹೆಂಡತಿಯದು. ಆಕೆ ಇಪ್ಪತ್ತಾರು ವರ್ಷ ಸಂಚಾರಿ ಗ್ರಂಥಾಲಯದ ವ್ಯಾನನ್ನು ಒಬ್ಬಳೇ ಓಡಿಸಿಕೊಂಡು ಊರೂರಿಗೆ ಪುಸ್ತಕ ಕೊಟ್ಟವಳು. ಎಲ್ಲರೂ ಲೈಬ್ರರಿಯಮ್ಮ ಎನ್ನುತ್ತಾರೆ. ತಮ್ಮನ್ನು ಮೊದಲ ದಿನ ನೋಡಿದಾಗಲೇ 'ಇದು ಕಾರಲ್ಲ, ಚಪ್ಪಲಿ. ಕೂರೋದಲ್ಲ, ಮೆಟ್ಕೊಳ್ಳೋದು,' ಎಂದಿದ್ದಳು. ಈಗ ಬಾಗಿಲ ಬಳಿ ಮಂಡಿಯೂರಿ, 'ಭಾವ, ಮೊದಲು ಬಲಗಾಲು ಕೊಡಿ. ಅದಲ್ಲ, ಅದು ಎಡ. ಎಡ ಒಳಗಿರ್ಲಿ, ಅದಕ್ಕೆ ಆಮೇಲೆ ಬರ್ತೀನಿ,' ಎಂದು ಶುರುಮಾಡಿದಳು. ನನ್ನ ತಮ್ಮ ಗಾಬರಿಯಲ್ಲಿ ಹಳೆಯ ಅಭ್ಯಾಸದಂತೆ, 'ಅಣ್ಣ, ಬಾಯಿ ಅಗಲ ಮಾಡು, ಮೂಗಲ್ಲಿ ಉಸಿರು ತಗೊ,' ಎಂದ. ನಾನು ಬಾಯಿ ಅಗಲ ಮಾಡಿದೆ. ಕಾಲಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಆಗ ಮ್ಯಾನೇಜರು ಸಮಾಧಾನ ಹೇಳುವ ದನಿಯಲ್ಲಿ, 'ಸರ್, ಇಟಲಿ ಕಡೆ ಹಿಂದಿನ ಸೀಟಲ್ಲಿ ಕೋಟು ಇಡ್ತಾರೆ,' ಎಂದರು.

'ಕೋಟಾ? ನಾಲ್ಕು ಜನ ಕೂರಬಹುದು ಅಂದ್ರಲ್ಲ ನೀವು,' ಎಂದ ನನ್ನ ತಮ್ಮ.

'ನಾಲ್ಕು ಸೀಟು ಅಂದೆ ಸರ್. ಜನ ಅಂತ ಹೇಳಿಲ್ಲ.'

ಲೈಬ್ರರಿಯಮ್ಮ ನನ್ನ ಕಾಲನ್ನು ಹಿಡಿದುಕೊಂಡೇ ಅವರ ಕಡೆ ತಿರುಗಿದಳು. 'ಏನ್ರೀ ನೀವು. ಇವರಿಗೆ ಇಷ್ಟವಾಗಿದ್ದು ಆ ಎರಡು ಸೀಟಿನ ಕೆಂಪು ಗಾಡಿ. ಫೋಟೋ ಇನ್ನೂ ದಿಂಬಿನ ಕೆಳಗಿದೆ. ಅಣ್ಣ ಹಿಂದೆ ಕೂರ್ತಾನೆ, ಹಿಂದೆ ಸೀಟಿರೋದೇ ಬೇಕು ಅಂತ ಹಠ ಹಿಡಿದು ಇದನ್ನ ಒಪ್ಪಿಕೊಂಡ್ರು. ಅವರಣ್ಣ ಕೋಟೇನ್ರೀ?'

ಗಲ್ಲಕ್ಕೆ ಮೊಣಕಾಲು ತಾಗಿಸಿಕೊಂಡು ಕೂತಿದ್ದ ನನಗೆ ಇದು ಎರಡು ಮುಂಸೀಟುಗಳ ಸಂದಿನಿಂದ ಸ್ಪಷ್ಟವಾಗಿ ಕೇಳಿಸಿತು. ಹಿಂದೆ ಕೂತರೆ ಎಲ್ಲ ಕೇಳುತ್ತದೆಂದು ನಾನು ಆಗಲೇ ಹೇಳಿದ್ದೇನೆ. ನಾನು ಹಿಂದೆ ಕೂರುತ್ತಿದ್ದುದು ಕಸುಬಿನ ಚಟದಿಂದ; ಅಣ್ಣನಿಗೆ ಹಿಂದಿನ ಸೀಟೆಂದರೆ ಪ್ರಾಣ ಎಂದು ಅವನು ಇಪ್ಪತ್ತೆರಡು ವರ್ಷ ನಂಬಿಕೊಂಡು ಬಂದಿದ್ದಾನೆ. ನಂಬಿ, ತನಗೆ ಬೇಕಾದ ಕೆಂಪು ಗಾಡಿಯನ್ನು ದಿಂಬಿನ ಕೆಳಗಿಟ್ಟು, ತಮ್ಮನ್ನು ಮನೆಗೆ ಕರೆತಂದಿದ್ದಾನೆ. ತಾವು ಅವನಿಗೆ ಕೊಟ್ಟದ್ದು ಎರಡು ಕೋಟುಗಳ ಜಾಗ. ನನ್ನ ದೂರು ಇಷ್ಟೇ, ಮಾನ್ಯರೇ. ನನ್ನ ಸೊಂಟದ ಬಗ್ಗೆ ನನಗೆ ದೂರಿಲ್ಲ.

ಹನ್ನೊಂದನೆಯ ನಿಮಿಷಕ್ಕೆ ನಾನು ಹೊರಬಂದೆ. ನನ್ನ ತಮ್ಮ ನನ್ನ ಬೆನ್ನು ನೀವುತ್ತ, 'ಬೇಡ ಅಣ್ಣ, ವಾಪಸ್ ಕಳಿಸ್ತೀನಿ. ನೀನು ಕೂರಕ್ಕಾಗದ ಗಾಡಿ ನಂಗ್ಯಾಕೆ,' ಎಂದ. ನೋಡಿ, ನಾನು ಬಯಸಿ ಬಂದದ್ದು ಕೇಳದೆಯೇ ಕೈಗೆ ಬಂತು. ಪೆನ್ನು ಎತ್ತುವ ಕಷ್ಟವೂ ಇರಲಿಲ್ಲ. ಹಾಗೆಂದವನು ತಮ್ಮ ಬಾಗಿಲನ್ನು ಮುಚ್ಚಲು ಹೋದ. ಒಳಗಿನ ಚರ್ಮದ ಮೇಲೆ ನನ್ನ ಬೂಟಿನ ಗುರುತು ಕಂಡು, ಅಂಗಿಯ ತೋಳನ್ನು ಬೆರಳಿಗೆ ಸುತ್ತಿಕೊಂಡು, ನೋವಿರುವ ಹಲ್ಲನ್ನು ಮುಟ್ಟುವಷ್ಟು ಮೆಲ್ಲಗೆ ಅದನ್ನು ಒರೆಸತೊಡಗಿದ. ಮೂರು ಸಲ ಒರೆಸಿದ. ಮೊದಲ ಸಲಕ್ಕೇ ಗುರುತು ಹೋಗಿತ್ತು.

ನಾನು ಫಾರಂ ಕೈಗೆತ್ತಿಕೊಂಡೆ. ಮೂವತ್ತೊಂದನೆಯ ಕಾಲಮ್ಮನ್ನು ಇನ್ನೊಮ್ಮೆ ಓದಿದೆ. ವಯಸ್ಕನೇ? ಎಪ್ಪತ್ತೊಂದು. ಕುಳಿತನೇ? ಕುಳಿತ. ಫರ್ಲಾಂಗು? ಆಯಿತು. ವಾಹನದ ಯಾವ ಭಾಗವೂ ಮುರಿಯಲಿಲ್ಲ. ಪ್ರಯಾಣಿಕನ ಭಾಗಗಳ ಬಗ್ಗೆ ಫಾರಂ ಕೇಳುವುದಿಲ್ಲ, ಎಷ್ಟು ಹೊತ್ತು ಹಿಡಿಯಿತೆಂದೂ ಕೇಳುವುದಿಲ್ಲ. 'ಹೌದು' ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. 'ಇಟ್ಕೊ,' ಎಂದೆ, 'ಗಾಡಿ ಚೆನ್ನಾಗಿದೆ. ನಂಗೇನು, ಭಾನುವಾರ ಪೇಪರ್ ಓದ್ಕೊಂಡು ಮನೇಲಿರ್ತೀನಿ.' ಅವನು ನನ್ನನ್ನೂ ತಮ್ಮನ್ನೂ ಸರದಿಯ ಮೇಲೆ ನೋಡಿದ. ಮುಖ ಅರಳಬೇಕೋ ಬಾಡಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿತು.

ಅಂಗಡಿಯ ಡ್ರೈವರು ಹಳೆಯ ಕಾರಿನ ಕೀಲಿಕೈ ಕೇಳಿದ. ಅದು ಲೈಬ್ರರಿಯಮ್ಮನ ಚೀಲದಲ್ಲಿತ್ತು. 'ಕೊಡಲ್ಲ,' ಎಂದಳು. ಮ್ಯಾನೇಜರು ಕರಾರಿನ ಮಾತೆತ್ತಿದರು. 'ಅದರ ಹಿಂದಿನ ಸೀಟಿಗೆ ಜನ ಇದಾರೆ,' ಎಂದಳು ಆಕೆ, ಪುಸ್ತಕ ಬೇರೆಯವರ ಹೆಸರಿಗೆ ಹೋಗಿದೆ ಎಂದು ಹೇಳುವ ಅದೇ ದನಿಯಲ್ಲಿ. ಸಂಬಂಧದ ಮ್ಯಾನೇಜರು ಪೆನ್ನು ತೆಗೆದರು. ಕರಾರಿನಿಂದ ಆ ಸಾಲು ಹೊಡೆದುಹಾಕಿದರು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ನನ್ನ ಕೆಲವು ಬಿನ್ನಹಗಳಿವೆ. ತಾವು ಅಷ್ಟು ದೂರದಿಂದ ಬಂದವರು, ಇನ್ನೊಂಬತ್ತು ಇಂಚು ಬೆಳೆಯುವುದು ತಮಗೆ ಭಾರವಾಗಲಾರದು. ಬೆಳೆಯುವುದಾದರೆ ಮೂತಿಯ ಕಡೆಗಲ್ಲ, ಅದು ಈಗಾಗಲೇ ಸಾಕಷ್ಟಿದೆ, ನಡುವಿಗೆ ಬೆಳೆಯಬೇಕು. ಬೆಳೆಯಲು ವಯಸ್ಸು ಮೀರಿದ್ದರೆ, ತಮ್ಮ ಮುಂದಿನ ಸೀಟಿಗೆ ಸ್ವಲ್ಪ ಮರೆವು ಕಲಿಸಬೇಕು. ಈ ವಿಷಯದಲ್ಲಿ ತರಬೇತಿ ಕೊಡಲು ನಾನು ಸಿದ್ಧನಿದ್ದೇನೆ, ಕನ್ನಡಕ ಎಲ್ಲಿಟ್ಟೆನೆಂದು ದಿನಾ ಮರೆಯುವ ಅನುಭವವಿದೆ. ಹಿಂದೆ ಕೂರುವ ಕೋಟುಗಳಿಗೆ ಮೊಣಕಾಲುಗಳಿಲ್ಲವಾದ್ದರಿಂದ, ಅವುಗಳಿಗೆ ಕೊಟ್ಟಿರುವ ಎರಡು ಬೆಲ್ಟುಗಳನ್ನು ನನ್ನ ಸೊಂಟಕ್ಕೆ ದಾನ ಮಾಡಬೇಕು. ಅಲ್ಲದೆ ಸ್ಟಾರ್ಟ್ ಆಗುವ ಮೊದಲು ಪಕ್ಕದ ಮನೆಯ ಬೆಕ್ಕಿಗೆ ಒಂದು ಮಾ‌ತು ಮುನ್ಸೂಚನೆ ಕೊಡಬೇಕು. ತಮ್ಮ ಬೂದು ಹೊದಿಕೆಯನ್ನು ಚಳಿಗಾಲದಲ್ಲಿ ಒಂದೆರಡು ರಾತ್ರಿಗೆ ಎರವಲು ಕೇಳಬೇಕೆಂದಿದ್ದೆ, ಅಷ್ಟು ಸಲುಗೆ ಬೇಡವೆಂದು ಬಿಟ್ಟಿದ್ದೇನೆ.

ಇಲ್ಲಿಯವರೆಗಿನದು ಶನಿವಾರ ಬರೆದದ್ದು. ಇನ್ನು ಮುಂದಿನದು ಸೋಮವಾರದ್ದು. ನಡುವೆ ಭಾನುವಾರ ಬಂದುಹೋದದ್ದರಿಂದ ಪತ್ರ ಮುಗಿಸಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಹೇಳಿದಂತೆಯೇ ಪೇಪರ್ ಓದುತ್ತ ಕೂತಿದ್ದೆ. ಹೊರಗೆ ತಾವು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಹಿಂದೆಯೇ ನನಗೆ ಪರಿಚಯದ ಹಾರನ್ನು. ಕಿಟಕಿಯಿಂದ ನೋಡಿದರೆ ಮುಂದೆ ತಾವು, ತಮ್ಮೊಳಗೆ ನನ್ನ ತಮ್ಮ ಒಬ್ಬನೇ. ಹಿಂದೆ ಹಳೆಯ ಡಬ್ಬ, ಅದರ ಸ್ಟಿಯರಿಂಗಿನಲ್ಲಿ ಲೈಬ್ರರಿಯಮ್ಮ. 'ಬನ್ನಿ ಭಾವ, ನಿಮ್ಮ ಜಾಗ ಖಾಲಿ ಇದೆ,' ಎಂದಳು. ಆ ಕಾರಿಗೆ ಹತ್ತಲು ಬಗ್ಗಬೇಕಾಗಿಲ್ಲ. ಬಲಗಡೆ ಕೂತೆ. ತಮ್ಮ ಮೆರವಣಿಗೆ ಮುಂದೆ, ನಾವು ಹಿಂದೆ. ದಾರಿಯುದ್ದಕ್ಕೂ ಜನ ತಮ್ಮನ್ನು ನೋಡಿ ನಿಂತರು. ನನ್ನ ತಮ್ಮ ಪ್ರತಿ ಸಲವೂ ಹೇಳಿಕೊಳ್ಳಲು ಪಕ್ಕಕ್ಕೆ ತಿರುಗಿ, ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ಕಂಡು, ಮತ್ತೆ ಮುಂದೆ ನೋಡುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಗ್ರ್ಯಾಂಡ್ ಟೂರಿನಲ್ಲಿ ಬಡ ಮೇಷ್ಟ್ರನ್ನು ಯಾಕೆ ಕರೆದೊಯ್ಯುತ್ತಿದ್ದರೆಂಬುದು ನನಗೆ ಆಗ ಹೊಳೆಯಿತು. ಬುದ್ಧಿ ಹೇಳುವುದಕ್ಕಲ್ಲ.

ದಂಡೆಯ ಮೇಲೆ ಚಹಾ ಕುಡಿದಾದ ಮೇಲೆ ಲೈಬ್ರರಿಯಮ್ಮ ಗಂಡನ ಮುಂದೆ ಕೈ ಚಾಚಿ, 'ಕೊಡಿ ಇಲ್ಲಿ, ಒಂದ್ಸಲ ಮೆಟ್ಕೊಂಡು ನೋಡ್ತೀನಿ,' ಎಂದಳು. ಎರಡು ಕೈ ಹಾಕಿ ರಮಿಸಿದರೆ ಮಾತ್ರ ರಿವರ್ಸ್ ಬೀಳುತ್ತಿದ್ದ ವ್ಯಾನನ್ನು ಇಪ್ಪತ್ತಾರು ವರ್ಷ ಓಡಿಸಿದವಳಿಗೆ ತಾವು ಯಾವ ಲೆಕ್ಕ. ಕೆರೆಯ ರಸ್ತೆಯ ಮೂರು ಹಂಪುಗಳನ್ನು ತುಂಬಿದ ಕೊಡ ಹೊತ್ತವಳಂತೆ ಮೆಲ್ಲಗೆ ದಾಟಿದಳು, ನಾವು ಬೆನ್ನಿಗೇ ಇದ್ದೆವು, ಕಿಟಕಿಗಳು ತೆರೆದಿದ್ದವು. ಆಮೇಲೆ ರಸ್ತೆ ನೇರವಾಯಿತು. ಒಮ್ಮೆ ಗರ್ಜಿಸಿದ್ದಷ್ಟೇ, ತಾವಿಬ್ಬರೂ ಕಾಣಲಿಲ್ಲ.

ನನ್ನ ತಮ್ಮ ಡಬ್ಬ ಓಡಿಸುತ್ತ ಖಾಲಿ ರಸ್ತೆಯ ಕಡೆ ಕತ್ತು ಚಾಚಿದ. 'ಆಕ್ಸಿಲರೇಟರ್ ಜಾಸ್ತಿ ಒತ್ತುತಿದಾಳೆ,' ಎಂದ. 'ಅವಳಿಗೆ ಗೊತ್ತು ಬಿಡು,' ಎಂದೆ. ಇನ್ನಷ್ಟು ದೂರ ಹೋದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ, 'ಅಣ್ಣ, ಮುಂದೆ ಬಾ,' ಎಂದ.

'ಯಾಕೆ?'

'ಮಾತಾಡಕ್ಕೆ ಯಾರೂ ಇಲ್ಲ.'

ಡ್ರೈವರನ ಪಕ್ಕ ಕೂತರೆ ಡ್ರೈವರು ಮಾತಾಡುತ್ತಾನೆ ಎಂಬ ಕಾರಣಕ್ಕೆ ಒಂದು ಆಯುಷ್ಯ ಹಿಂದೆ ಕೂತವನು ನಾನು. ಅದೇ ಕಾರಣಕ್ಕೆ ಇಳಿದು ಮುಂದೆ ಹೋಗಿ ಕೂತೆ. ಮುಂದಿನ ಸೀಟಿನಲ್ಲಿ ಗಾಡಿಯ ಸದ್ದು ಒಂದೂ ಕೇಳಿಸುವುದಿಲ್ಲ. ನಾನು ಊಹಿಸಿದ್ದು ಸರಿಯಾಗಿತ್ತು. ಅವನು ಆ ಕೆಂಪು ಗಾಡಿಯ ಬಗ್ಗೆ ಹೇಳಿದ, ದವಾಖಾನೆಯ ಕೊನೆಯ ದಿನದ ಬಗ್ಗೆ ಹೇಳಿದ, ಮೂರು ವರ್ಷಗಳಿಂದ ಯಾರೂ ಕೇಳದ ಒಂದು ಪ್ರಶ್ನೆಯನ್ನೂ ರಸ್ತೆ ನೋಡಿಕೊಂಡೇ ಕೇಳಿದ: 'ಅತ್ತಿಗೆ ಇದ್ದಿದ್ರೆ ಈ ಕಾರಿಗೆ ಏನಂತಿದ್ರು?'

'ಬಲಗಡೆ ಹಿಂದಿನ ಚಕ್ರದಲ್ಲಿ ಟಕ್ ಅಂತಿದೆ ಅಂತಿದ್ಲು,' ಎಂದೆ.

ಅವನು ಸ್ಟಿಯರಿಂಗಿನ ಮೇಲೆ ತಲೆಯಿಡುವಷ್ಟು ನಕ್ಕ. ನಾನೂ ನಕ್ಕೆ. ಸೊಂಟ ನೋಯಿತು.

ಲೈಬ್ರರಿಯಮ್ಮ ಎರಡು ಗಂಟೆ ತಡವಾಗಿ ಬಂದಳಂತೆ. ಕೂದಲು ಕೆದರಿತ್ತಂತೆ. 'ಪೆಟ್ರೋಲ್ ಹಾಕಿಸ್ಬೇಕು,' ಎಂದಷ್ಟೇ ಹೇಳಿ ತಮ್ಮ ಕೀಲಿಕೈಯನ್ನೂ ತನ್ನ ಚೀಲಕ್ಕೆ ಹಾಕಿಕೊಂಡಳಂತೆ. ಮುಂದಿನ ಭಾನುವಾರದ ಏರ್ಪಾಟು ಏನೆಂದು ತಾವೇ ಊಹಿಸಬಹುದು.

ತಮ್ಮ ಚರ್ಮಕ್ಕೆ ಸುಕ್ಕು ಬಾರದಿರಲಿ ಎಂದು ಹಾರೈಸುತ್ತ,

ತಮ್ಮ ವಿಶ್ವಾಸಿಯೂ, ಕೋಟಲ್ಲದವನೂ ಆದ,
ಹಿಂದಿನ ಸೀಟಿನ ಸಾಹೇಬ (ನಿವೃತ್ತ)

ಮರೆತ ಮಾತು: ಆ ಟಕ್ ಎಂಬುದನ್ನು ನನ್ನ ತಮ್ಮ ತಮಾಷೆ ಎಂದುಕೊಂಡಿದ್ದಾನೆ. ತಾವೂ ನಾನೂ ಹಾಗೆ ತಿಳಿಯುವ ಅಗತ್ಯವಿಲ್ಲ. ಮೂರು ಹಂಪು, ಮೂರು ಸಲ ಟಕ್, ತಮ್ಮದೇ ಚಕ್ರ, ಬಲಗಡೆ, ಹಿಂದಿನದು. ನಾನು ಅವಳ ಜಾಗದಲ್ಲಿ ಕೂತಿದ್ದೆ, ಆದ್ದರಿಂದ ತಪ್ಪಾಗಿ ಕೇಳಿಸಿರಲಾರದು. ಫಾರಂನ ಹಿಂಬದಿಯಲ್ಲಿ 'ಮರುತಪಾಸಣೆ' ಎಂಬ ಭಾಗವಿದೆ, ಸಣ್ಣ ಅಕ್ಷರದಲ್ಲಿದೆ, ತಮ್ಮ ಮ್ಯಾನೇಜರು ಓದಿರಲಿಕ್ಕಿಲ್ಲ. ಒಂಬತ್ತು ಇಂಚಿನ ವಿಷಯದಲ್ಲಿ ತಮ್ಮ ತೀರ್ಮಾನವನ್ನು ಮುಂದಿನ ಭಾನುವಾರದೊಳಗೆ ತಿಳಿಸಿದರೆ, ಆ ಹಂಪುಗಳ ಬಳಿ ನನ್ನ ಕಿವಿ ಕೊಂಚ ಮಂದವಾಗಲೂಬಹುದು.